ಹದ ತಪ್ಪಿದ ವರ್ಷದಲ್ಲಿ ಲಿಂಕನ್‌ಶೈರ್

ಇಂಗ್ಲೆಂಡಿನ ಪೂರ್ವ ಭಾಗದಲ್ಲಿರುವ ಲಿಂಕನ್‌ಶೈರ್ ಆ ದೇಶದ ಧಾನ್ಯದ ಕಣಜಗಳಲ್ಲೊಂದು. ಲಿಂಕನ್ ನಗರದ ಗುಡ್ಡದ ಮೇಲಿರುವ ಪ್ರಾಚೀನ ಚರ್ಚು ಬಹು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಸುತ್ತಲೂ ದೃಷ್ಟಿಗೆ ಅಡ್ಡಬರುವಂಥದು ಏನೂ ಇಲ್ಲವೆಂಬುದೇ ಇದಕ್ಕೆ ಕಾರಣ. ಪಶ್ಚಿಮಕ್ಕೆ ಟ್ರೆಂಟ್ ನದಿ, ಪೂರ್ವಕ್ಕೆ ವೋಲ್ಡ್ಸ್ ಎಂಬ ಸೀಮೆಸುಣ್ಣದ ಕಲ್ಲಿನ ದಿಣ್ಣೆಗಳು, ನಡುವೆ ವಿಥಮ್ ನದಿಯ ಬದಿಯ ಜಿಗುಟಾದ ಜೇಡಿನೆಲ. ನವಲಗುಂದ, ನರಗುಂದಗಳ ಎರೆಬಯಲನ್ನು ಕಂಡು ಬೆಳೆದ ನಮ್ಮಂಥವರಿಗೆ ಈ ಬಯಲು ಪರಕೀಯವೆನಿಸಲಿಲ್ಲ. ಆದರೆ ನಾವು ಅಲ್ಲಿಗೆ ಹೋದ 2019ರ ನವೆಂಬರ್ ಕೊನೆಯ ವಾರದಲ್ಲಿ ಆ ಬಯಲಿನ ಬಹುಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳೆಯುತ್ತಿದ್ದುದು ಹೊಲಗಳಲ್ಲಿ ನಿಂತ ನೀರು.

ಆ ವರ್ಷ ಸೆಪ್ಟೆಂಬರಿನ ಕೊನೆಗೆ ಹಿಡಿದ ಮಳೆ ಬಿಡಲೇ ಇಲ್ಲ. ನವೆಂಬರ್ 7ರಂದು ಶೆಫೀಲ್ಡ್ ಕಡೆ ಸುರಿದ ಮಳೆಗೆ ಡಾನ್ ನದಿ ಉಕ್ಕಿ ಫಿಶ್‌ಲೇಕ್ ಎಂಬ ಹಳ್ಳಿಯೇ ಮುಳುಗಿತು. ಲಿಂಕನ್ ನಗರದ ಪೂರ್ವಕ್ಕೆ ಬಾರ್ಲಿಂಗ್ಸ್ ಹೊಳೆಯ ಒಡ್ಡು ಒಡೆದು ಹೊಲಗಳ ಮೇಲೆ ನೀರು ಹರಿಯಿತು. ಪತ್ರಿಕೆಗಳು ಮುಳುಗಿದ ಮನೆಗಳ ಚಿತ್ರಗಳನ್ನು ಪ್ರಕಟಿಸಿದವು. ಬಿತ್ತದೆ ಉಳಿದ ಹೊಲಗಳ ಸಂಕಟ ಅಷ್ಟಾಗಿ ಚಿತ್ರಕ್ಕೆ ಒದಗುವಂಥದಲ್ಲ.

ನಮ್ಮ ಬಂಧುಗಳ ನೆರೆಯಲ್ಲಿ ಒಬ್ಬ ಗೇಣಿದಾರ ಒಕ್ಕಲಿಗರಿದ್ದರು. ಅರವತ್ತು ದಾಟಿದ ವಯಸ್ಸು, ಮಿತಭಾಷಿ. ನಾವು ಕೃಷಿಕ ಮನೆತನದವರೆಂದು ತಿಳಿದೊಡನೆ ಮೊಣಕಾಲುದ್ದದ ರಬ್ಬರ್ ಬೂಟುಗಳನ್ನು ತಂದುಕೊಟ್ಟು ಹೊಲಕ್ಕೆ ಕರೆದೊಯ್ದರು. ಬದುವಿನ ಬಳಿ ಬಾಗಿ ಹಿಡಿ ಮಣ್ಣೆತ್ತಿ ಉಂಡೆ ಕಟ್ಟಿದರು, ಹೆಬ್ಬೆರಳಿನಿಂದ ಒತ್ತಿದರು. ಉಂಡೆ ಒಡೆಯಲಿಲ್ಲ, ಮೇಣದಂತೆ ಹಿಗ್ಗಿತು. ಅವರು ತಲೆಯಲ್ಲಾಡಿಸಿ ಅದನ್ನು ಕೆಳಕ್ಕೆ ಹಾಕಿದರು. ನಮ್ಮ ಹಿರಿಯರು ಹಿಂಗಾರಿ ಬಿತ್ತನೆಗೆ ಮೊದಲು ಮಾಡುವ ಪರೀಕ್ಷೆಯೂ ಇದೇ ಅಲ್ಲವೆ? ಭಾಷೆ ಬೇರೆಯಾದರೂ ಹದ ನೋಡುವ ಕೈ ಒಂದೇ ಎಂದು ಅಂದು ನಮಗೆ ಅನಿಸಿತು.

ಆದರೆ ಆ ಹದದಲ್ಲಿ ಒಂದು ದೊಡ್ಡ ಭೇದವುಂಟು. ನಮ್ಮಲ್ಲಿ ಅಕ್ಟೋಬರ್ ಮಳೆ ಎಷ್ಟೇ ಹೊಡೆದರೂ ಆಮೇಲೆ ಬಿಸಿಲು ಬೀಳುತ್ತದೆ. ಕೆಲವು ದಿನ ತಡೆದರೆ ಎರೆ ಆರಿ ಕೂರಿಗೆಗೆ ದಾರಿ ಕೊಡುತ್ತದೆ. ಅಲ್ಲಿ ನವೆಂಬರಿನ ಸೂರ್ಯನಿಗೆ ಆ ಶಕ್ತಿಯಿಲ್ಲ. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಒಮ್ಮೆ ನೆಲ ನೀರು ತುಂಬಿಕೊಂಡರೆ ಅದು ಆವಿಯಾಗಿ ಹೋಗುವುದು ವಸಂತಕ್ಕೇ. ನಡುವೆ ಬರುವ ಒಣ ದಿನಗಳು ಮೇಲಿನ ಪದರವನ್ನಷ್ಟೇ ಆರಿಸುತ್ತವೆ. ಆದ್ದರಿಂದ ಅಲ್ಲಿ ಶರತ್ಕಾಲದ ಹದ ತಪ್ಪಿತೆಂದರೆ ಇನ್ನೊಂದು ಹದಕ್ಕೆ ಮಾರ್ಚಿಯವರೆಗೆ ಕಾಯಬೇಕಾದೀತು. ಈ ಭೇದ ತಿಳಿಯದಿದ್ದರೆ ಆ ರೈತರ ಕಳವಳ ನಮಗೆ ಅರ್ಥವಾಗದು.

ಅವರ ಗೋಧಿ ನಮ್ಮ ಗೋಧಿಯಂತೆ ನೂರಿಪ್ಪತ್ತು ದಿನಗಳೊಳಗೆ ಮುಗಿಯುವ ಪೈರಲ್ಲ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯೊಳಗೆ ಬಿತ್ತಿ ಮರುವರ್ಷದ ಆಗಸ್ಟಿನಲ್ಲಿ ಕೊಯ್ಯುತ್ತಾರೆ. ಮೊಳಕೆಯೊಡೆದ ಗಿಡ ಹಲವು ವಾರ ಚಳಿ ಉಂಡ ಮೇಲೆಯೇ ತೆನೆ ಕಟ್ಟುವ ಬುದ್ಧಿ ತಳೆಯುತ್ತದೆ. ಆ ಚಳಿಯ ಸಂಸ್ಕಾರ ಸಿಗದಿದ್ದರೆ ಹುಲ್ಲಾಗಿಯೇ ಉಳಿದೀತು. ಆದ ಕಾರಣ ಪ್ರತಿಯೊಂದು ತಳಿಗೂ ಬಿತ್ತನೆಯ ಕಡೆಯ ದಿನವೊಂದನ್ನು ನಿಗದಿ ಮಾಡಿರುತ್ತಾರೆ. ಹೆಚ್ಚಿನವಕ್ಕೆ ಅದು ಜನವರಿಯ ಕೊನೆ, ಕೆಲವಕ್ಕೆ ಫೆಬ್ರವರಿ. ಅನುಕೂಲ ವರ್ಷದಲ್ಲಿ ಹೆಕ್ಟೇರಿಗೆ 8 ಟನ್, ಅಂದರೆ ಎಕರೆಗೆ ಸುಮಾರು 32 ಕ್ವಿಂಟಲ್ ಇಳುವರಿ. ಕೆಲವು ತಳಿಗಳ ಕಾಳು ಮಾತ್ರ ಮೆತ್ತಗಿನದು. ಬಿಸ್ಕತ್ತಿಗೂ ಪಶು ಆಹಾರಕ್ಕೂ ಹೆಚ್ಚು ಸಲ್ಲುತ್ತದೆ. ನಮ್ಮ ತಾಯಂದಿರು ಅದರಿಂದ ಹೋಳಿಗೆ ಲಟ್ಟಿಸಲು ಒಪ್ಪಿಯಾರೋ ಇಲ್ಲವೋ ಹೇಳಲಾರೆವು!

ಹಾಗಿದ್ದರೆ ಮಳೆಗೆ ಮೊದಲೇ ಏಕೆ ಬಿತ್ತಲಿಲ್ಲ? ನಾವೂ ಇದೇ ಪ್ರಶ್ನೆ ಕೇಳಿದೆವು. ಉತ್ತರ ಒಂದು ಕಳೆಯಲ್ಲಿತ್ತು. ಬ್ಲ್ಯಾಕ್‌ಗ್ರಾಸ್ ಎಂಬ ಕಪ್ಪು ತೆನೆಯ ಹುಲ್ಲು ಆ ಜೇಡಿನೆಲಗಳ ದೊಡ್ಡ ಪಿಡುಗು. ಅನೇಕ ಕಳೆನಾಶಕಗಳಿಗೆ ಅದೀಗ ಬಗ್ಗುವುದಿಲ್ಲ. ಅದರ ಬೀಜ ಹೆಚ್ಚಾಗಿ ಶರತ್ಕಾಲದಲ್ಲಿಯೇ ಹುಟ್ಟುವುದರಿಂದ, ಹುಟ್ಟಿದ್ದನ್ನು ಕೊಂದು ಅಕ್ಟೋಬರ್ ನಡುವಿನ ನಂತರ ಬಿತ್ತುವುದೇ ಜಾಣತನವೆಂದು ತಜ್ಞರೂ ಅನುಭವಿಗಳೂ ಹೇಳುತ್ತ ಬಂದಿದ್ದಾರೆ. ಮಾತು ಸರಿಯೇ. ಆದರೆ 2019ರಲ್ಲಿ ಈ ಮಾತನ್ನು ನಿಷ್ಠೆಯಿಂದ ಪಾಲಿಸಿದವರೇ ಮಳೆಗೆ ಸಿಕ್ಕಿಬಿದ್ದರು. ಶಿಸ್ತಿನವನಿಗೆ ಶಿಕ್ಷೆ, ಅವಸರದವನಿಗೆ ಫಲ ಎಂಬಂತಾಯಿತು.

ಕೆಸರಿನಲ್ಲಿ ಬಿತ್ತಿದರೆ ಆಗುವುದೇನೆಂಬುದನ್ನು ಆ ಹಿರಿಯರು ಒಂದು ಮೂಲೆಯಲ್ಲಿ ಅಗೆದು ತೋರಿಸಿದರು. ಅವಸರಪಟ್ಟ ನೆರೆಯವರ ಹೊಲವದು. ತಿರುಗುವ ಉಕ್ಕಿನ ತಟ್ಟೆಗಳುಳ್ಳ ಯಂತ್ರ ಹಸಿ ಮಣ್ಣನ್ನು ಸೀಳುವಾಗ ಸಾಲಿನ ಎರಡೂ ಬದಿಯನ್ನು, ಗಾರೆಯವನು ಕರಣೆಯಿಂದ ಗೋಡೆಗೆ ಗಿಲಾವು ಮಾಡಿದಂತೆ, ನುಣ್ಣಗೆ ಸವರಿಬಿಟ್ಟಿತ್ತು. ಸಾಲು ಮುಚ್ಚಿರಲಿಲ್ಲ. ಅದರೊಳಗೆ ನೀರು, ನೀರಿನೊಳಗೆ ಬೀಜ. ಗಾಳಿಯಾಡದ ಬೀಜ ಕೊಳೆಯುತ್ತದೆ. ಉಳಿದುದರ ಬೇರು ಆ ನುಣುಪು ಗೋಡೆಯನ್ನು ದಾಟಲಾರದೆ ಸಾಲಿನುದ್ದಕ್ಕೂ ಅಡ್ಡಡ್ಡ ಹರಿಯುತ್ತದೆ. ತೆರೆದ ಸಾಲಿನಲ್ಲಿ ಚಿಪ್ಪಿಲ್ಲದ ಬಸವನಹುಳುಗಳು ನಡೆದುಬಂದು ಕಾಳನ್ನು ಒಳಗಿನಿಂದ ತಿಂದು ಬರಿದು ಮಾಡುತ್ತವೆ. ಅಗೆದಾಗ ಸಿಕ್ಕ ಕೆಲವು ಕಾಳುಗಳು ಟೊಳ್ಳಾಗಿದ್ದವು.

ಇಷ್ಟಾದರೂ ಬಿತ್ತಲೇಬೇಕೆಂದರೆ ಉಪಾಯಗಳಿವೆ. ತಟ್ಟೆಯ ಯಂತ್ರಕ್ಕಿಂತ ನಮ್ಮ ಕೂರಿಗೆಯಂತೆ ತಾಳುಗಳಿರುವ ಯಂತ್ರ ಹಸಿ ನೆಲಕ್ಕೆ ಮೇಲು. ಅದು ಮಣ್ಣನ್ನು ಸವರುವುದು ಕಡಿಮೆ, ಕೆದರುವುದು ಹೆಚ್ಚು. ಹಿಂದಿನ ಒತ್ತುಗಾಲಿಗಳನ್ನು ಎತ್ತಬೇಕು, ಟೈರುಗಳ ಗಾಳಿ ಇಳಿಸಬೇಕು, ಬೀಜದ ಡಬ್ಬಿಯನ್ನು ಅರ್ಧ ಮಾತ್ರ ತುಂಬಬೇಕು. ಬೀಜದ ಪ್ರಮಾಣವನ್ನೂ ಏರಿಸಬೇಕು. ಸಕಾಲದಲ್ಲಿ ಚದರ ಮೀಟರಿಗೆ 300 ಕಾಳು ಸಾಕಾದರೆ ತಡವಾದಾಗ 400ರ ಮೇಲೆ ಬೇಕು, ಏಕೆಂದರೆ ತೆಂಡೆಯೊಡೆಯಲು ಕಾಲವೂ ಇಲ್ಲ, ಉಳಿಯುವ ಗಿಡಗಳೂ ಕಡಿಮೆ. ನೆಲದ ಮೇಲೆ ಮೊಳಕೆ ಕಾಣಲು ಗೋಧಿಗೆ ಸುಮಾರು 150 ಡಿಗ್ರಿ-ದಿನಗಳ ಶಾಖ ಕೂಡಬೇಕು: ದಿನಕ್ಕೆ 15 ಡಿಗ್ರಿ ಇದ್ದರೆ ಹತ್ತು ದಿನ, 5 ಡಿಗ್ರಿ ಇದ್ದರೆ ಒಂದು ತಿಂಗಳು. ಆ ತಿಂಗಳಿಡೀ ಬೀಜ ಕೆಸರಿನೊಳಗೆ ಹುಳುವಿಗೂ ಕಾಗೆಗೂ ಒಡ್ಡಿಕೊಂಡಿರುತ್ತದೆ.

ಕೂರಿಗೆಯ ಮಾತು ಬಂದುದರಿಂದ ಒಂದು ಸಂಗತಿ. ಜೆತ್ರೊ ಟಲ್ ಎಂಬವನು 1701ರ ಸುಮಾರಿಗೆ ಬಿತ್ತುವ ಯಂತ್ರ ಮಾಡಿದನೆಂದು ಇಂಗ್ಲೆಂಡಿನ ಶಾಲೆಗಳಲ್ಲಿ ಕಲಿಸುತ್ತಾರೆ. ಅದೇ ಶತಮಾನದ ಕೊನೆಗೆ ಕ್ಯಾಪ್ಟನ್ ಹಾಲ್ಕಟ್ ಎಂಬ ಆಂಗ್ಲ ಅಧಿಕಾರಿ ದಕ್ಷಿಣ ಭಾರತದ ಹೊಲದಲ್ಲಿ ಕೂರಿಗೆ ನಡೆಯುತ್ತಿದ್ದುದನ್ನು ಕಂಡು ಬೆರಗಾಗಿ ಲಂಡನ್ನಿನ ಕೃಷಿ ಮಂಡಳಿಗೆ ವರದಿ ಕಳುಹಿಸಿದ. ಧರ್ಮಪಾಲರು ಅದನ್ನು 1971ರಲ್ಲಿ ತಮ್ಮ ಗ್ರಂಥದಲ್ಲಿ ಮತ್ತೆ ಬೆಳಕಿಗೆ ತಂದರು. ನಾವಿದನ್ನು ಹೇಳಿದಾಗ ಆ ಹಿರಿಯರು ನಕ್ಕು, ಹಾಗಾದರೆ ಕೆಸರಿನಲ್ಲಿ ಓಡುವ ಕೂರಿಗೆಯೂ ನಿಮ್ಮಲ್ಲಿದೆಯೇ ಎಂದು ಕೇಳಿದರು. ಇಲ್ಲವೆಂದೆವು.

ಅವರು ತಮ್ಮ ಭೂಮಿಯಲ್ಲಿ ಐದರಲ್ಲಿ ಎರಡು ಪಾಲನ್ನು ಬಿತ್ತದೆ ಬಿಟ್ಟಿದ್ದರು. ಗೇಣಿ ಕಟ್ಟಬೇಕು, ಬೀಜ ಕೊಂಡು ಕೊಟ್ಟಿಗೆಯಲ್ಲಿಟ್ಟಾಗಿದೆ, ಮಗ ದಿನವೂ ಯಂತ್ರ ಹೊರತೆಗೆಯೋಣವೆನ್ನುತ್ತಾನೆ. ಊಟದ ಮೇಜಿನ ಬಳಿ ಆ ಮನೆಯವರ ಮೌನವನ್ನು ನಾವೇ ಕಂಡೆವು. ಒಂದು ಬೆಳೆ ಹೋದರೆ ಒಂದು ವರ್ಷದ ನಷ್ಟ, ಭಾರದ ಟ್ರ್ಯಾಕ್ಟರು ಹಸಿ ನೆಲವನ್ನು ತುಳಿದು ಗಟ್ಟಿ ಮಾಡಿದರೆ ಹಲವು ವರ್ಷದ ನಷ್ಟ ಎಂಬುದು ಅವರ ಲೆಕ್ಕ. ಹೆಂಡತಿ ಮಾತ್ರ ಅವರ ಪಕ್ಷ. ಜನವರಿ 6ರ ನಂತರದ ಮೊದಲ ಸೋಮವಾರ ಅಲ್ಲಿ ‘ನೇಗಿಲ ಸೋಮವಾರ’. ಅದರ ಹಿಂದಿನ ದಿನ ಕೆಲವು ಚರ್ಚುಗಳಲ್ಲಿ ನೇಗಿಲನ್ನು ಒಳಗೆ ತಂದು ಹರಸುತ್ತಾರೆ, ನಾವು ಕೂರಿಗೆ ಪೂಜಿಸುವಂತೆ. ಅಲ್ಲಿಯವರೆಗಾದರೂ ತಡೆಯೋಣವೆಂದು ಆಕೆ ಹೇಳಿದರು.

ಮುಂದಿನದು ದಾಖಲೆಯಲ್ಲಿದೆ. 2020ರ ಫೆಬ್ರವರಿ ಆ ದೇಶದ ಇತಿಹಾಸದಲ್ಲೇ ಅತಿ ಹೆಚ್ಚು ಮಳೆಯ ಫೆಬ್ರವರಿಯಾಯಿತು. ಆಮೇಲೆ ಮಳೆಯೇ ನಿಂತು, ಮೇ ತಿಂಗಳು ಬೆಂಕಿಯಂತೆ ಒಣಗಿತು. ಕೆಸರಿನಲ್ಲಿ ಬಿತ್ತಿದ ಗೋಧಿಯ ಬೇರು ಆಳಕ್ಕಿಳಿದಿರಲಿಲ್ಲ. ಚಳಿಗಾಲವಿಡೀ ನೀರಿನಲ್ಲಿ ಮುಳುಗಿದ್ದ ಪೈರು ಬೇಸಗೆಗೆ ನೀರಿಲ್ಲದೆ ಬಾಡಿತು. 2019ರಲ್ಲಿ 1 ಕೋಟಿ 62 ಲಕ್ಷ ಟನ್ ಇದ್ದ ಬ್ರಿಟನ್ನಿನ ಗೋಧಿ 2020ರಲ್ಲಿ 97 ಲಕ್ಷ ಟನ್ನಿಗೆ ಕುಸಿಯಿತು; 1981ರಿಂದೀಚೆಗೆ ಅಷ್ಟು ಕಡಿಮೆ ಬೆಳೆ ಬಂದಿರಲಿಲ್ಲ. ನಮ್ಮ ಹಿರಿಯರು ಬಿಟ್ಟ ಹೊಲಗಳಿಗೆ ವಸಂತದಲ್ಲಿ ಬಾರ್ಲಿ ಬಿತ್ತಿದರು. ಲಾಭವೇನೂ ಆಗಲಿಲ್ಲ, ಗೇಣಿ ತೀರಿತು ಎಂದು ಬರೆದರು.

ಆ ಆಗಸ್ಟಿನಲ್ಲಿ ಕೊಯ್ಲಾದೊಡನೆ ಅವರು ಬಸಿಗಾಲುವೆಯ ಕೆಲಸಕ್ಕೆ ಕೈಹಾಕಿದರು. ಗುಂಡಿನಾಕಾರದ ಉಕ್ಕಿನ ಮೂತಿಯನ್ನು ಎರಡಡಿ ಆಳದಲ್ಲಿ ಎಳೆದೊಯ್ದರೆ ಜೇಡಿಮಣ್ಣಿನಲ್ಲಿ ಬಿಲದಂಥ ಕೊಳವೆ ಮೂಡಿ, ಕೆಳಗಿನ ಹಳೆಯ ಹೆಂಚಿನ ಕೊಳವೆಗಳಿಗೆ ನೀರು ಇಳಿಯುತ್ತದೆ. ಹಲವಾರು ವರ್ಷ ಬಾಳುತ್ತದೆ. 2023ರ ಅಕ್ಟೋಬರಿನಲ್ಲಿ ಬೇಬೆಟ್ ಬಿರುಗಾಳಿ ಬಂದಾಗ ಲಿಂಕನ್‌ಶೈರ್ ಮತ್ತೆ ಮುಳುಗಿತು. ಮರುವರ್ಷದ ಮಾರ್ಚಿಗೆ ಕೊನೆಗೊಂಡ ಹದಿನೆಂಟು ತಿಂಗಳು ಇಂಗ್ಲೆಂಡಿನಲ್ಲಿ 1836ರಿಂದ ದಾಖಲಾದ ಅತ್ಯಂತ ಹೆಚ್ಚು ಮಳೆಯ ಅವಧಿ. 2024ರ ಗೋಧಿ 1 ಕೋಟಿ 11 ಲಕ್ಷ ಟನ್ನಿಗೆ ಇಳಿಯಿತು. ಈಗ ಹೊಲ ನೋಡುವವನು ಮಗ. ಆ ವರ್ಷ ಬಸಿಗಾಲುವೆಯಿದ್ದ ಹೊಲಗಳನ್ನಷ್ಟೇ ಬಿತ್ತಿ, ಉಳಿದ ಕಡೆ ಯಂತ್ರವನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲವೆಂದು ತಂದೆಯ ಪತ್ರದಲ್ಲಿತ್ತು.