ಉತ್ಸರ್ಗ ಸಮಿತಿಯೂ ಹಳೆಯ ಬ್ಯಾಟರಿಯೂ

ಮುನಿಗಳ ಪಂಚಸಮಿತಿಗಳಲ್ಲಿ ಕೊನೆಯದು ಉತ್ಸರ್ಗ. ದೇಹದ ಮಲವನ್ನು ಸಹ ಜೀವರಹಿತವಾದ ನೆಲವನ್ನು ನೋಡಿ, ಪಿಂಛಿಯಿಂದ ಶೋಧಿಸಿ, ಅನಂತರವೇ ವಿಸರ್ಜಿಸಬೇಕೆಂಬುದು ಅದರ ನಿಯಮ. ಬೇಡವಾದ ವಸ್ತುವನ್ನು ಬಿಟ್ಟ ಮಾತ್ರಕ್ಕೆ ಹೊಣೆ ತೀರದೆಂಬ ಈ ಸೂಕ್ಷ್ಮವು ಶ್ರಾವಕರಿಗೂ ವಿಚಾರಣೀಯವಾಗಿದೆ.

ಗಂಗರ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ಅಜಿತಸೇನ ಮುನಿಗಳ ಸಾನ್ನಿಧ್ಯದಲ್ಲಿ ಸಲ್ಲೇಖನವನ್ನು ಕೈಗೊಂಡ ಬಂಕಾಪುರವು ಶಿಗ್ಗಾಂವ ತಾಲೂಕಿನಲ್ಲಿಯೇ ಇದೆ. ತ್ಯಾಗದ ಮಾತು ಆ ನೆಲಕ್ಕೆ ಹೊಸದಲ್ಲ. ಆದರೆ ತ್ಯಾಗ ಬೇರೆ, ಎಸೆಯುವುದು ಬೇರೆ.

ಕರೆಂಟು ಹೋದಾಗ ಅಂಗಡಿಗೂ ಬಸದಿಗೂ ಬೆಳಕು ಕೊಡುವ ಇನ್ವರ್ಟರಿನ ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸತ್ವಗುಂದುತ್ತದೆ. ಆದರೂ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಆಗಿರುವುದರಿಂದ ಗುಜರಿಯಲ್ಲಿ ಅದಕ್ಕೆ ಬೆಲೆಯುಂಟು. ಸೀಸವು 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗುವ ಲೋಹ. ಹಿತ್ತಲಿನ ಒಲೆಯೇ ಸಾಕು. ಗಂಧಕಾಮ್ಲವನ್ನು ನೆಲಕ್ಕೆ ಸುರಿದು ಸೀಸದ ಫಲಕಗಳನ್ನು ಕಾಯಿಸುವವನಿಗೆ ಹೊಗೆ ತಡೆಯುವ ಯಂತ್ರದ ಖರ್ಚಿಲ್ಲ; ಆದುದರಿಂದ ಅವನು ಹೆಚ್ಚು ಬೆಲೆ ಕೊಡಬಲ್ಲನು. ಆ ಹೆಚ್ಚಿನ ಹಣವನ್ನು ನಿಜವಾಗಿ ತೆರುವವರು ಒಲೆಯ ಸುತ್ತ ಆಡುವ ಮಕ್ಕಳು. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸವು ಆತಂಕಕಾರಿ ಪ್ರಮಾಣದಲ್ಲಿದೆಯೆಂದು ಯುನಿಸೆಫ್ 2020ರಲ್ಲಿ ಅಂದಾಜಿಸಿ, ಇಂತಹ ಬ್ಯಾಟರಿ ಕರಗಿಸುವಿಕೆಯನ್ನು ಪ್ರಮುಖ ಕಾರಣಗಳಲ್ಲಿ ಸೇರಿಸಿತು.

ಟ್ರಸ್ಟಿಗಳ ಸಂಕಟವೂ ಸುಳ್ಳಲ್ಲ. ದೇವದ್ರವ್ಯವನ್ನು ನಷ್ಟಗೊಳಿಸುವುದು ದೋಷ. ಹೆಚ್ಚಿನ ಬೆಲೆಯನ್ನು ಬಿಟ್ಟರೆ ಸಭೆಗೆ ಉತ್ತರ ಹೇಳಬೇಕು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದನ್ನೇ ಹಿಂಸಾದಾನವೆಂದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಕೊಡಲಿ, ಕತ್ತಿಗಳೊಡನೆ ಬೆಂಕಿಯೂ ಅಲ್ಲಿದೆ. ಕೊಟ್ಟವನ ಕೈ ಶುದ್ಧವೆಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ. ಮಕ್ಕಳ ಮೈಯಿಂದ ಬಂದ ಲಾಭವನ್ನು ದೇವದ್ರವ್ಯವೆಂದು ಜಮಾ ಮಾಡುವುದಾದರೂ ಹೇಗೆ?

ಪರವಾನಗಿಯುಳ್ಳ ಕಾರ್ಖಾನೆಯಲ್ಲಿಯೂ ಕುಲುಮೆ ಉರಿಯುತ್ತದೆ, ನಿಜ. ಆರಂಭವಿಲ್ಲದ ಉದ್ಯೋಗವಿಲ್ಲ. ಆದರೆ ಅಲ್ಲಿ ಹೊಗೆಯನ್ನು ಸೋಸಿ, ಆಮ್ಲವನ್ನು ಶಮನಗೊಳಿಸಬೇಕೆಂಬ ಕಟ್ಟುಪಾಡಿದೆ. ಮರಳಿ ಪಡೆದ ಸೀಸದಷ್ಟು ಗಣಿ ಅಗೆತವೂ, ಅದರೊಡನೆ ಪೃಥ್ವೀಕಾಯದ ಘಾತವೂ ತಪ್ಪುತ್ತದೆ. ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಪುಡಿಮಾಡಿ ಆಮ್ಲದಲ್ಲಿ ಕರಗಿಸಿ ಕೋಬಾಲ್ಟ್, ನಿಕ್ಕಲ್‌ಗಳನ್ನು ಬೇರ್ಪಡಿಸುವಲ್ಲಿಯೂ ಇದೇ ನ್ಯಾಯ.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರಿಗೆ ಸಂಗ್ರಹದ ಹೊಣೆಯನ್ನೂ, ಬಳಕೆದಾರರಿಗೆ ಬ್ಯಾಟರಿಯನ್ನು ಬೇರೆಯಾಗಿಟ್ಟು ಸಂಗ್ರಹ ಅಥವಾ ಮರುಬಳಕೆಯ ಸಂಸ್ಥೆಗೇ ಒಪ್ಪಿಸುವ ಹೊಣೆಯನ್ನೂ ವಿಧಿಸಿವೆ. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಅಧಿಕೃತ ಮಾರಾಟಗಾರನಿಗೆ ಕೊಟ್ಟು ಪಡೆದ ರಸೀದಿಯನ್ನು ಬಸದಿಯ ಲೆಕ್ಕಪತ್ರದಲ್ಲಿ ಇರಿಸಿದರೆ, ಕಡಿಮೆ ಬಂದ ಕೆಲವು ನೂರು ರೂಪಾಯಿಗಳಿಗೆ ಸಭೆಯಲ್ಲಿ ಕೊಡಬೇಕಾದ ಉತ್ತರವೂ ಅದೇ ಆಗುತ್ತದೆ.