ಲೆಕ್ಕ ಮೊದಲೋ, ಖರ್ಚು ಮೊದಲೋ?

ನಮ್ಮಪ್ಪ ತಿಪಟೂರಿನಲ್ಲಿ ಹೈಸ್ಕೂಲು ಗಣಿತದ ಮೇಷ್ಟ್ರು. ಜಗತ್ತು ನಡೆಯುವುದೇ ಗಣಿತದ ಅಪ್ಪಣೆಯ ಮೇಲೆ ಎಂದು ನಂಬಿದ್ದವರು. ಅಮ್ಮ ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಆದರೆ ಮನೆಯ ಜಮಾಖರ್ಚಿನ ಪುಸ್ತಕ ಇದ್ದದ್ದು ಅವಳ ಕೈಯಲ್ಲೇ. "ದುಡ್ಡು ಖರ್ಚಾದ ಮೇಲಲ್ವೇನ್ರೀ ಲೆಕ್ಕ ಬರೆಯೋದು? ನಿಮ್ಮ ಗಣಿತಾನೂ ಅಷ್ಟೇ" ಎನ್ನುತ್ತಿದ್ದಳು. ಗಣಿತ ಜಗತ್ತನ್ನು ಆಳುತ್ತದೋ, ಆದದ್ದನ್ನು ಬರೆದಿಡುತ್ತದೋ ಎಂದು ತತ್ತ್ವಜ್ಞಾನಿಗಳು ಗ್ರಂಥಗಟ್ಟಲೆ ಕಾದಾಡಿದ್ದಾರೆ. ನಮ್ಮಲ್ಲಿ ಅದು ಪ್ರತಿ ತಿಂಗಳ ಕೊನೆಯ ಜಗಳ.

ಅಪ್ಪನ ಬ್ರಹ್ಮಾಸ್ತ್ರ ಮಹಾವೀರಾಚಾರ್ಯ. ಒಂಬತ್ತನೇ ಶತಮಾನದಲ್ಲಿ, ನೃಪತುಂಗನ ಆಳ್ವಿಕೆಯಲ್ಲಿ 'ಗಣಿತಸಾರಸಂಗ್ರಹ' ಬರೆದವನು. ಪ್ರೇಮ, ಸಂಗೀತ, ನಾಟಕ, ವೈದ್ಯ, ಅಡುಗೆ ಎಲ್ಲಕ್ಕೂ ಗಣಿತ ಬೇಕೆಂದು ಪಟ್ಟಿ ಕೊಟ್ಟು, ಮೂರು ಲೋಕದ ಚರಾಚರಗಳಲ್ಲಿ ಗಣಿತ ಬಿಟ್ಟು ಏನೂ ಇಲ್ಲ ಎಂದುಬಿಟ್ಟ. "ಅಡುಗೇನೂ ಸೇರಿಸಿದಾನೆ ನೋಡೇ!" ಎಂದು ಅಪ್ಪ ಹಿಗ್ಗಿದರೆ, "ಹಾಗಾದ್ರೆ ನಾಳೆ ಸಾರಿಗೆ ಅವನನ್ನೇ ಕರೀರಿ" ಎಂದು ಅಮ್ಮ.

ಆ ಗ್ರಂಥ ಇಂಗ್ಲಿಷ್ ಅನುವಾದದೊಡನೆ ಅಚ್ಚಾದದ್ದು ಈಗ ನಾನಿರುವ ಮದ್ರಾಸಿನಲ್ಲೇ, 1912ರಲ್ಲಿ, ಎಂ. ರಂಗಾಚಾರ್ಯರಿಂದ. ಅದೇ ವರ್ಷದ ಮಾರ್ಚಿನಲ್ಲಿ ಇಲ್ಲಿನ ಪೋರ್ಟ್ ಟ್ರಸ್ಟಿಗೆ ತಿಂಗಳಿಗೆ 30 ರೂಪಾಯಿಯ ಗುಮಾಸ್ತರೊಬ್ಬರು ಸೇರಿದರು: ಶ್ರೀನಿವಾಸ ರಾಮಾನುಜನ್. ತಮ್ಮ ಸೂತ್ರಗಳೆಲ್ಲ ನಾಮಕ್ಕಲ್ಲಿನ ದೇವಿ ನಾಮಗಿರಿ ತಾಯಾರ್ ಕೊಟ್ಟದ್ದು ಎನ್ನುತ್ತಿದ್ದರು. ಅಪ್ಪನ ಪಕ್ಷಕ್ಕೆ ಇನ್ನೊಂದು ಓಟು ಅನ್ನಿ.

ಮಹಾವೀರನೇ ಒಂದು ಕಡೆ ಅಮ್ಮನ ಪಕ್ಷಕ್ಕೆ ಜಾರಿದ್ದಾನೆ ಎಂಬುದು ಅಪ್ಪ ಹೇಳದೆ ಉಳಿಸಿದ ಗುಟ್ಟು. ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದ. ಲೋಕದಲ್ಲಿ ಆ ಖರ್ಚಿಲ್ಲ, ಪುಸ್ತಕದಲ್ಲಿ ಬರೆಯುವುದು ಬೇಡ! ಹದಿನಾರನೇ ಶತಮಾನದ ಇಟಲಿಯವರು ಘನ ಸಮೀಕರಣ ಬಿಡಿಸುವಾಗ ಬೇರೆ ದಾರಿ ಕಾಣದೆ ಆ ವರ್ಗಮೂಲವನ್ನು ಬರೆದೇಬಿಟ್ಟರು. 1926ರಲ್ಲಿ ಶ್ರೋಡಿಂಗರ್ ಎಲೆಕ್ಟ್ರಾನಿನ ಸಮೀಕರಣ ಬರೆದಾಗ ನೋಡಿದರೆ, ಮೈನಸ್ ಒಂದರ ವರ್ಗಮೂಲ ನಟ್ಟನಡುವೆ ಕೂತಿತ್ತು. ಖರ್ಚಿಗೆ ಮುನ್ನೂರು ಚಿಲ್ಲರೆ ವರ್ಷ ಮೊದಲೇ ಲೆಕ್ಕ ಸಿದ್ಧ. ಇದನ್ನು ಅಮ್ಮನಿಗೆ ಹೇಳಿ ಅವಳ ಮುಖ ನೋಡಬೇಕಿತ್ತು; ನನಗೆ ತಿಳಿಯುವ ಹೊತ್ತಿಗೆ ಇಬ್ಬರೂ ಇರಲಿಲ್ಲ.

ನಾನು ಮದ್ರಾಸಿನ ಶೋಳಿಂಗನಲ್ಲೂರಿಗೆ ಬಂದದ್ದು ಮಗನ ಐಟಿ ಕೆಲಸದಿಂದಾಗಿ. ಇಲ್ಲಿ ಸಮುದ್ರ ಪೂರ್ವಕ್ಕೆ ಹತ್ತಿರದಲ್ಲೇ ಇದೆ. ಪಳ್ಳಿಕರಣೈ ಜೌಗಿನ ನೀರು ಮಾತ್ರ ನೆಟ್ಟಗೆ ಅಲ್ಲಿಗೆ ಹೋಗುವುದಿಲ್ಲ. ಒಕ್ಕಿಯಂ ಮಡುವು ದಾಟಿ, ಬಕಿಂಗ್‌ಹ್ಯಾಂ ಕಾಲುವೆ ಹಿಡಿದು, ದಕ್ಷಿಣದ ಮುತ್ತುಕಾಡಿನ ತನಕ ಅಲೆದು ಕಡಲು ಸೇರುತ್ತದೆ. ನೀರಿನ ಹರಿವಿಗೂ ಸಮೀಕರಣವಿದೆ, ನೇವಿಯರ್-ಸ್ಟೋಕ್ಸ್ ಎಂದು ಹೆಸರು. ಮೂರು ಆಯಾಮದಲ್ಲಿ ಅದಕ್ಕೆ ಸದಾ ಸರಾಗವಾದ ಉತ್ತರ ಇದ್ದೇ ಇರುತ್ತದೋ ಇಲ್ಲವೋ ಎಂಬುದನ್ನು ಸಾಧಿಸಿದವರಿಗೆ 2000ದಿಂದ ಹತ್ತು ಲಕ್ಷ ಡಾಲರ್ ಬಹುಮಾನ ಕಾದಿದೆ. ಯಾರೂ ಪಡೆದಿಲ್ಲ. 2015ರ ಡಿಸೆಂಬರಿನಲ್ಲಿ, ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಸುರಿದಾಗ, ಗಣಿತದ ಕಡೆಯಿಂದ ಮಂಜೂರಾತಿ ಬಾರದೆಯೇ ನೀರು ನಮ್ಮ ಗೇಟು ದಾಟಿತು.

ಕರೆಂಟಿಲ್ಲ, ಫೋನಿಲ್ಲ. ವಾಚ್‌ಮನ್ ಮುಂಡು ಎತ್ತಿಕಟ್ಟಿ, ಪಾರ್ಕಿಂಗಿನ ಕಂಬದ ಮೇಲೆ ಗಂಟೆಗೊಂದು ಬಳಪದ ಗೆರೆ ಎಳೆಯುತ್ತಿದ್ದ. ಮೊದಲೆರಡು ಗೆರೆಗಳ ನಡುವೆ ನಾಲ್ಕು ಬೆರಳು, ಆಮೇಲೆ ಎರಡು, ಆಮೇಲೆ ಒಂದೂ ಸರಿಯಾಗಿ ಇಲ್ಲ. ಟಾರ್ಚು ಬಿಟ್ಟು ನೋಡಿ, "ಇನಿಮೇ ಏರಾದು ಸಾರ್" ಎಂದ. ಇನ್ನು ಏರಲ್ಲ, ಹೋಗಿ ಮಲಗಿ ಅಂತ. ಕ್ಯಾಲ್ಕುಲಸ್ಸಿನ ಹೆಸರು ಕೇಳಿರದ ಆಸಾಮಿ ಏರಿಕೆಯ ದರವನ್ನೇ ಅಳೆದುಬಿಟ್ಟಿದ್ದ. ನೀರು ಏರಲಿಲ್ಲ.

ಗೆರೆ ಎಳೆದದ್ದು ನೀರು ಬಂದ ಮೇಲೆ. ಅಲ್ಲಿಗೆ ಅಮ್ಮ ಗೆದ್ದಳು. ಆ ಗೆರೆ ಮುಂದಿನದನ್ನು ಹೇಳಿತಲ್ಲ, ಅದಕ್ಕೆ ಅಪ್ಪನಿಗೂ ಅರ್ಧ ಮಾರ್ಕು ಕೊಡುತ್ತೇನೆ. ಅದಕ್ಕಿಂತ ಜಾಸ್ತಿ ಇಲ್ಲ.

ಈ ಕಡೆ ಫ್ಲ್ಯಾಟ್ ನೋಡಲು ಬರುವವರು ಬ್ಯಾಂಕಿನ ಕಂತಿನ ಲೆಕ್ಕ ಆಮೇಲೆ ಹಾಕಿ. ಮೊದಲು ಪಾರ್ಕಿಂಗಿನ ಕಂಬ ನೋಡಿ. ಹೊಸದಾಗಿ ಬಣ್ಣ ಹೊಡೆದಿದ್ದರೆ ವಾಚ್‌ಮನ್‌ನನ್ನು ಕೇಳಿ.