ಹಾತ್ ಹಲವೂ ನಕೋ

ವಿಮಾನ ನಗರ ಎಂಬ ಹೆಸರನ್ನು ಮೊದಲ ಸಲ ಕೇಳಿದಾಗ ನನ್ನ ಕಣ್ಣ ಮುಂದೆ ಬಂದು ನಿಂತದ್ದು ಪುಷ್ಪಕ ವಿಮಾನ. ಮಗಳು ಅಳಿಯ ಪುಣೆಯಲ್ಲಿ, ಅದೂ ವಿಮಾನ ನಗರದಲ್ಲಿ, ಮನೆ ಮಾಡಿದರೆಂದು ಗೊತ್ತಾದ ಮೇಲೆ ಧಾರವಾಡದ ನಮ್ಮ ಓಣಿಯಲ್ಲಿ ಒಂದು ವಾರ ನಾನು ನೆಲದಿಂದ ಗೇಣು ಎತ್ತರದಲ್ಲೇ ಓಡಾಡಿದೆ. ಹೋಗುವಾಗ ಮಾತ್ರ ರಾತ್ರಿ ಬಸ್ಸಿನಲ್ಲಿ ಮಂಡಿ ಮಡಚಿಕೊಂಡೇ ಹೋದೆ. ವಿಮಾನಗಳೇನೋ ಇದ್ದವು, ಎಲ್ಲ ತಲೆಯ ಮೇಲೆ. ಲೋಹಗಾಂವ್ ನಿಲ್ದಾಣ ಅಲ್ಲೇ ಮಗ್ಗುಲಿಗೆ. ವಾಯುಪಡೆಯ ಸುಖೋಯ್ ಎದ್ದಿತೆಂದರೆ ಚಹಾದ ಕಪ್ಪು ಬಸಿಯ ಮೇಲೆ ತಾನಾಗಿಯೇ ಕುಣಿಯುತ್ತದೆ. ಆ ಸದ್ದು ಬಂದಾಗ ಮಾತನ್ನು ಅರ್ಧಕ್ಕೆ ಹಿಡಿದಿಟ್ಟುಕೊಂಡು, ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುವ ವಿದ್ಯೆ ಅಲ್ಲಿಯವರಿಗೆ ಒಲಿದಿದೆ. ನನಗೋ ಸದ್ದು ಅಡಗುವಷ್ಟರಲ್ಲಿ ಮಾತೇ ಮರೆತಿರುತ್ತದೆ.

ದೀಪಾವಳಿ ರಜೆಗೆ ನಾನು ಹೋಗುವುದೆಂದರೆ ಮೊಮ್ಮಗನಿಗೆ ಒಂದು ಲೆಕ್ಕ. ಅವನ ಬಳಿ ರಜೆಯಲ್ಲಿ ನೋಡಬೇಕಾದ ಪುಟ್ಟ ಪುಟ್ಟ ಕಾರ್ಟೂನ್ ಸಿನಿಮಾಗಳ ಪಟ್ಟಿಯಿರುತ್ತದೆ. ಅವುಗಳಲ್ಲಿ ಅರ್ಧ ಕ್ರಿಸ್‌ಮಸ್ಸಿನವು. ಹಬ್ಬ ಯಾರದಾದರೇನು, ರಜೆ ತನ್ನದಲ್ಲವೇ ಎಂಬುದು ಅವನ ವಾದ. ಹೀಗಾಗಿ ಆಕಾಶಬುಟ್ಟಿಯ ಕೆಳಗೆ ಕುಳಿತು, ಫ್ಯಾನು ಹಾಕಿಕೊಂಡು, ನಾವು ಹಿಮ ಬೀಳುವುದನ್ನು ನೋಡುತ್ತೇವೆ. ಅವನು ರೆಪ್ಪೆ ಬಡಿಯುವುದಿಲ್ಲ. ಅನಿಮೇಷನ್ ಎಂಬುದು ನಮ್ಮ ‘ಅನಿಮೇಷ’ದಿಂದಲೇ ಹುಟ್ಟಿದ್ದೆಂದು ನಾನು ಬಹಳ ದಿನ ನಂಬಿದ್ದೆ. ರೆಪ್ಪೆ ಬಡಿಯದವರು ದೇವತೆಗಳು ಮತ್ತು ಮೀನುಗಳು ಎಂದು ಸಂಸ್ಕೃತದ ಮಾಸ್ತರರು ಹೇಳಿದ್ದರು. ಪಟ್ಟಿಯಲ್ಲಿ ಮೊಮ್ಮಕ್ಕಳನ್ನು ಸೇರಿಸುವುದು ಅವರಿಗೆ ತಿಳಿದಿರಲಿಲ್ಲ, ಪಾಪ.

ಅವನ ಪಟ್ಟಿಯಲ್ಲಿ ಒಂದು ಏಳು ನಿಮಿಷದ್ದು, 2015ರ ‘ಸಂಜಯ್ಸ್ ಸೂಪರ್ ಟೀಮ್’. ಪಿಕ್ಸಾರ್ ಕಂಪನಿಯ ಸಂಜಯ್ ಪಟೇಲ್ ತನ್ನ ಬಾಲ್ಯವನ್ನೇ ಕತೆ ಮಾಡಿದ್ದಾನೆ. ಅಪ್ಪ ದೇವರ ಮುಂದೆ ಕೂತು ಗಂಟೆ ಬಾರಿಸುತ್ತಾನೆ, ಮಗನಿಗೆ ಟೀವಿಯ ಕಡೆ ಕಣ್ಣು. ನಾವು ಅದನ್ನು ನೋಡುತ್ತಿರುವಾಗಲೇ ಒಳಗಿನಿಂದ ಮಗಳು, “ಆರತಿಗೆ ಬರ್ತೀರೋ ಇಲ್ಲೋ?” ಎಂದು ಗಂಟೆ ಬಾರಿಸಿದಳು. ಮೊಮ್ಮಗನಿಗೆ ಒಂದು ಕ್ಷಣ ಗಂಟೆ ಯಾವ ಕಡೆಯಿಂದ ಬಂತೆಂದು ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಇಬ್ಬರೂ ಬೈಸಿಕೊಂಡೆವು.

ಇನ್ನೊಂದು ಇಂಗ್ಲೆಂಡಿನದು, ‘ದಿ ರಾಂಗ್ ಟ್ರೌಸರ್ಸ್’. ಒಬ್ಬ ಬೋಳುತಲೆಯವ, ಅವನಿಗಿಂತ ಜಾಣ ನಾಯಿ, ಮತ್ತು ಕೋಳಿಯ ವೇಷ ಹಾಕಿ ಕಳ್ಳತನ ಮಾಡುವ ಒಂದು ಪೆಂಗ್ವಿನ್. ಅರ್ಧ ಗಂಟೆಯ ಚಿತ್ರ. 1993ರಲ್ಲಿ ಕ್ರಿಸ್‌ಮಸ್ಸಿನ ಮರುದಿನ ಬಿಬಿಸಿ ಅದನ್ನು ಮನೆಮನೆಗೆ ತೋರಿಸಿತು. ನಿಕ್ ಪಾರ್ಕ್ ಎಂಬಾತ ಗೊಂಬೆಗಳನ್ನು ಜೇಡಿಯಂಥ ಮೆತ್ತನೆಯ ಮಣ್ಣಿನಲ್ಲಿ ಮಾಡಿ, ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು, ಹೀಗೆ ವರ್ಷಗಟ್ಟಲೆ ಕೂತು ಮುಗಿಸಿದ್ದು. ನಡುವೆ ಮೊಮ್ಮಗ ಚಿತ್ರವನ್ನು ನಿಲ್ಲಿಸಿ ತೆರೆಯ ಹತ್ತಿರ ಓಡಿದ. “ನೋಡಜ್ಜಾ, ಬೆರಳು!” ನಾಯಿಯ ಹಣೆಯ ಮೇಲೆ ಸಣ್ಣ ಗೆರೆಗಳು. ತಿದ್ದಿದವರ ಹೆಬ್ಬೆರಳಿನ ಗುರುತು. ಕಳ್ಳನನ್ನು ಹಿಡಿದ ಪೊಲೀಸನಂತೆ ಅವನು ಹಿಗ್ಗಿದ. ನಾನು ಯಾಕೋ ಸುಮ್ಮನಾದೆ. ಅದನ್ನು ಆಮೇಲೆ ಹೇಳುತ್ತೇನೆ.

ಇವನ ಅವ್ವ ಚಿಕ್ಕವಳಿದ್ದಾಗ ಅವಳ ಪಾಲಿಗಿದ್ದದ್ದು ಒಂದೇ ಒಂದು ಕಾರ್ಟೂನು. ದೂರದರ್ಶನದವರು ಬೇಕೆನಿಸಿದಾಗ ತೋರಿಸುತ್ತಿದ್ದ ‘ಏಕ್ ಅನೇಕ್ ಔರ್ ಏಕತಾ’. ಫಿಲ್ಮ್ಸ್ ಡಿವಿಷನ್ನಿಗಾಗಿ 1974ರಲ್ಲಿ ವಿಜಯಾ ಮುಳೆ ಅವರು ಭೀಮಸೈನ್ ಅವರ ಚಿತ್ರಗಳೊಂದಿಗೆ ಮಾಡಿದ ಕಿರುಚಿತ್ರ ಅದು. ಬೇಡನ ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರಿಹೋಗುವ ಕತೆ. ಅದು ಎಂದು ಬರುತ್ತದೆ ಎಂಬುದು ದೇವರಿಗೂ ಗೊತ್ತಿರುತ್ತಿರಲಿಲ್ಲ. ಬಂದಾಗ ಆಂಟೆನಾ ತಿರುಗಿಸಲು ನಾನು ಮಾಳಿಗೆಯ ಮೇಲಿರುತ್ತಿದ್ದೆ. ಕೆಳಗಿನಿಂದ ಮಗಳು, “ಬಂತು, ಬಂತು... ಹೋತು!” ಎಂದು ಕೂಗುವಳು. ಆ ಹಕ್ಕಿಗಳು ಬಲೆಯ ಸಮೇತ ಹಾರಿದ್ದನ್ನು ನಮ್ಮ ಓಣಿಯಲ್ಲಿ ನೋಡದೇ ಉಳಿದ ಮನುಷ್ಯ ನಾನೊಬ್ಬನೇ ಇರಬೇಕು. ಮೊನ್ನೆ ಮೊಮ್ಮಗ ಮೊಬೈಲಿನಲ್ಲಿ ಅದನ್ನು ತೋರಿಸಿದ. ನಲವತ್ತು ವರ್ಷ ತಡವಾಗಿ ಹಕ್ಕಿಗಳು ಹಾರಿದವು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಪ್ಪಾ, ಈಗ ಬಂತು,” ಅಂದಳು.

ಕಾರ್ಟೂನು ಪಶ್ಚಿಮದಿಂದ ಬಂದ ಮಾಯೆ ಎಂದು ನಾನು ಮೊಮ್ಮಗನಿಗೆ ಉಪದೇಶಿಸಲು ಹೊರಟದ್ದುಂಟು. ಅಳಿಯ ತಡೆದರು. ದಾದಾಸಾಹೇಬ ಫಾಳ್ಕೆಯವರು 1915ರಲ್ಲೇ ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಸರಿಸಿ ಕುಣಿಸಿ ಕಿರುಚಿತ್ರ ಮಾಡಿದ್ದರಂತೆ. ಇದೇ ಪುಣೆಯಲ್ಲಿ 1934ರಲ್ಲಿ ಪ್ರಭಾತ್ ಕಂಪನಿಯವರು ನರಿಯೊಂದನ್ನು ನಾಯಕನನ್ನಾಗಿಸಿ ‘ಜಂಬೂ ಕಾಕಾ’ ಎಂಬ ಕಾರ್ಟೂನು ತೆಗೆದರು. ಪ್ರಭಾತದ ಜಾಗದಲ್ಲಿ ಈಗ ಫಿಲಂ ಇನ್‌ಸ್ಟಿಟ್ಯೂಟ್ ಇದೆ. ಆ ಕಂಪನಿಯ ವಿ. ಶಾಂತಾರಾಮ್ ಹುಡುಗನಾಗಿದ್ದಾಗ ನಮ್ಮ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರು ಎಂಬುದನ್ನು ನಾನು ತಕ್ಷಣ ಸೇರಿಸಿದೆ. ವಾದದಲ್ಲಿ ಸೋತರೂ ಜಿಲ್ಲೆಯ ಮಾನ ಉಳಿಯಬೇಕಲ್ಲ.

ಇಷ್ಟು ಕೇಳಿದ್ದೇ ತಡ, ಮೊಮ್ಮಗ ತಾನೂ ಒಂದು ಚಿತ್ರ ತೆಗೆಯುವುದಾಗಿ ಸಾರಿದ. ಅದಕ್ಕೆ ಸೆಟ್ಟು ಆಗಲೇ ಸಿದ್ಧವಿತ್ತು. ಪುಣೆಯ ಮಕ್ಕಳು ದೀಪಾವಳಿಗೆ ಮನೆಯ ಮುಂದೆ ಮಣ್ಣಿನ ಕೋಟೆ ಕಟ್ಟುತ್ತಾರೆ. ಅದಕ್ಕೆ ಕಿಲ್ಲಾ ಎನ್ನುತ್ತಾರೆ. ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜ, ಮೆಟ್ಟಿಲುಗಳಲ್ಲಿ ಕತ್ತಿ ಹಿಡಿದ ಮಾವಳೆ ಸೈನಿಕರು, ಇಳಿಜಾರಿನಲ್ಲಿ ಬಿತ್ತಿದ ಸಾಸಿವೆ ಹಬ್ಬದ ಹೊತ್ತಿಗೆ ಹಸಿರಾಗಿರಬೇಕು. ವಿಮಾನ ನಗರದಲ್ಲಿ ಮಣ್ಣೆಲ್ಲಿಯದು? ಕೆಂಪು ಮಣ್ಣು ಚೀಲದಲ್ಲಿ ದುಡ್ಡಿಗೆ ಬಂತು. ಒಳಗಿನ ಗುಡ್ಡಕ್ಕೆ ಆನ್‌ಲೈನಿನಲ್ಲಿ ಸಾಮಾನು ತಂದ ರಟ್ಟಿನ ಡಬ್ಬಿಗಳು, ನಾನು ಒಯ್ದ ಧಾರವಾಡ ಪೇಢೆಯ ಖಾಲಿ ಪೆಟ್ಟಿಗೆ, ಮೇಲೆ ಗೋಣಿತಾಟು, ಅದರ ಮೇಲೆ ಮಣ್ಣು. ಪಾರ್ಕಿಂಗಿನ ಮೂಲೆಯಲ್ಲಿ, ಎರಡು ಕಾರುಗಳ ನಡುವೆ, ಸಿಂಹಗಡ ತಲೆ ಎತ್ತಿತು. ಕತೆ 1670ರದು: ತಾನಾಜಿ ಮಾಲುಸರೆ ಉಡಕ್ಕೆ ಹಗ್ಗ ಕಟ್ಟಿ ಕತ್ತಲಲ್ಲಿ ಕೋಟೆ ಹತ್ತಿದ ಐತಿಹ್ಯ. ಉಡ ಸಿಗದ್ದರಿಂದ ರಬ್ಬರಿನ ಹಲ್ಲಿಯೊಂದನ್ನು ಬಡ್ತಿ ಕೊಟ್ಟು ನೇಮಿಸಲಾಯಿತು.

ಹಿಂದೆ ರಾತ್ರಿಯ ಆಕಾಶ ಬೇಕಿತ್ತು. ಮಗಳು ಕಪಾಟಿನಿಂದ ಒಂದು ಸೀರೆ ತಂದು ಎರಡು ಕಂಬಗಳ ನಡುವೆ ಮಾತಿಲ್ಲದೆ ಕಟ್ಟಿದಳು. ಕಪ್ಪು ಮಿಶ್ರಿತ ನೀಲಿಯ ಇಳಕಲ್ಲ ಸೀರೆ, ಕೆಂಪು ಸೆರಗಿನಲ್ಲಿ ಬಿಳಿಯ ತೋಪತೆನಿ. ಅವರವ್ವನದು. ಒಡಲು ರಾತ್ರಿಯಾಯಿತು, ಸೆರಗು ಬೆಳಗಾಯಿತು. ಆಕೆ ಇದ್ದಿದ್ದರೆ, “ನನ್ನ ಸೀರಿಗೆ ಮಳಿ ಹೊಡಿತೀರೇನು?” ಎಂದು ಎಲ್ಲರನ್ನೂ ಪಾರ್ಕಿಂಗಿನಿಂದಲೇ ಓಡಿಸುತ್ತಿದ್ದಳು.

ನನಗೆ ಕೊಟ್ಟ ಕೆಲಸ ಟಾರ್ಚು ಹಿಡಿಯುವುದು. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಠಸ್ಸೆ ಹೊಡೆದವನು ನಾನು. ಒಂದೇ ಕೆಲಸವನ್ನು ಕೂದಲೆಳೆಯ ವ್ಯತ್ಯಾಸದಿಂದ ಸಾವಿರ ಸಲ ಮಾಡುವುದರಲ್ಲಿ ನನ್ನಷ್ಟು ಅನುಭವಿ ಆ ಕಟ್ಟಡದಲ್ಲಿ ಇನ್ನೊಬ್ಬನಿರಲಿಲ್ಲ. ಸೆಕೆಂಡಿಗೆ ಹನ್ನೆರಡು ಫೋಟೋ, ನಲವತ್ತು ಸೆಕೆಂಡಿನ ಚಿತ್ರ, ಒಟ್ಟು 480. ಅಷ್ಟು ಲಕೋಟೆಗಳಾಗಿದ್ದರೆ ಬೆಳಗಿನ ಚಹಾ ಬರುವುದರೊಳಗೆ ಮುಗಿಸುತ್ತಿದ್ದೆ. ಇಲ್ಲಿ ಮೂರು ದಿನ ಹಿಡಿಯಿತು. ಕಾರಣ, ನನ್ನ ಕೈ. ಈಚೆಗೆ ಅದು ತುಸು ನಡುಗುತ್ತದೆ.

“ಅಜ್ಜಾ, ಹಾತ್ ಹಲವೂ ನಕೋ!”

ಮೊಮ್ಮಗನಿಗೆ ಸಿಟ್ಟು ಬಂದರೆ ಮರಾಠಿ ಬರುತ್ತದೆ. ಕೈ ಅಲುಗಿಸಬೇಡ ಎಂದು ಅವನ ಮಾತು. ನನ್ನ ಕನ್ನಡ ಕಿವಿಗೆ ಅದು ಬೇರೆಯಾಗಿಯೇ ಬಿತ್ತು: ಕೈ ಹಲವು ಬೇಡ, ಒಂದೇ ಸಾಕು. ಏಕವೇ ಸಾಕು, ಅನೇಕ ಬೇಡ. ಅವನ ಬೇಡಿಕೆ ನ್ಯಾಯವಾದದ್ದೇ. ಆದರೆ ನಡುಗುವ ಕೈ ಒಂದೇ ಇದ್ದರೂ ಹಲವಾಗಿ ಕಾಣುತ್ತದಲ್ಲ.

ತೊಂದರೆ ನನ್ನೊಬ್ಬನಿಂದ ಅಲ್ಲ. ಸುಖೋಯ್ ಎದ್ದಾಗ ಇಬ್ಬರು ಮಾವಳೆಯರು ಯುದ್ಧಕ್ಕೆ ಮೊದಲೇ ಉರುಳಿದರು. ನಾಲ್ಕು ವರ್ಷದ ಮೊಮ್ಮಗಳು ಒಬ್ಬ ಸೈನಿಕನನ್ನು ಎತ್ತಿಕೊಂಡು ಹೋಗಿ ಚಕ್ಕಲಿ ತಿನ್ನಿಸುತ್ತಿದ್ದಳು. ಚಿತ್ರದಲ್ಲಿ ಅವನು ಹಗ್ಗದ ನಡುವೆಯೇ ಮಾಯವಾಗಿ, ಆಮೇಲೆ ಕೋಟೆಯ ಮೇಲೆ ನೇರವಾಗಿ ಪ್ರತ್ಯಕ್ಷನಾಗುತ್ತಾನೆ. ಕೊನೆಯಲ್ಲಿ ತಾನಾಜಿ ಬೀಳಬೇಕು. ಇತಿಹಾಸ ಹಾಗಿದೆ, ಕೋಟೆ ಸಿಕ್ಕಿತು, ಅವನು ಸಿಗಲಿಲ್ಲ. ಬಿದ್ದ. ಮೊಮ್ಮಗಳು ಅತ್ತಳು. ಅಣ್ಣ ಒಂದು ಕ್ಷಣ ಯೋಚಿಸಿ, ಅದೇ ಫೋಟೋಗಳನ್ನು ಕೊನೆಯಿಂದ ಮೊದಲಿಗೆ ಜೋಡಿಸಿ ಓಡಿಸಿದ. ತಾನಾಜಿ ಎದ್ದು ನಿಂತ, ಕತ್ತಿ ಹಾರಿಬಂದು ಕೈಗೆ ಸೇರಿತು. ಅವಳು ಚಪ್ಪಾಳೆ ತಟ್ಟಿದಳು. ಇತಿಹಾಸದ ಮಾಸ್ತರರು ಯಾರೂ ಸುತ್ತಮುತ್ತ ಇರಲಿಲ್ಲ.

ಪಾಡ್ಯದ ರಾತ್ರಿ ಪ್ರದರ್ಶನವಾಯಿತು. ಬೆಳಕು ಉದ್ದಕ್ಕೂ ತುಯ್ಯುತ್ತಿತ್ತು. ಅಳಿಯ, “ದೀವಟಿಗಿ ಎಫೆಕ್ಟ್ ಭಾರಿ ಬಂದದ!” ಎಂದರು. ಮೊಮ್ಮಗ ಬಾಯಿ ತೆರೆದವನು, ನನ್ನ ಮುಖ ನೋಡಿ ಸುಮ್ಮನಾದ. ಕೊನೆಗೆ ಹೆಸರುಗಳು. ನನ್ನದನ್ನು ಕನ್ನಡದಲ್ಲಿ ಬರೆಯಬೇಕೆಂದು ಅವನವ್ವನ ಕಟ್ಟಪ್ಪಣೆಯಾಗಿತ್ತು. ಒತ್ತಕ್ಷರದ ಕಷ್ಟಕ್ಕೆ ಅವನು ಬರೆದದ್ದು, ‘ಬೆಳಕು: ಅಜ’. ಅಜ ಎಂದರೆ ಹೋತ. ನಿಘಂಟಿನಲ್ಲಿ ಬ್ರಹ್ಮ ಎಂಬ ಅರ್ಥವೂ ಇದೆ. ಎರಡರಲ್ಲಿ ಯಾವುದೆಂದು ನಾನು ಕೇಳಲಿಲ್ಲ.

ಈಗ ಹೆಬ್ಬೆರಳಿನ ಮಾತು. ನಮ್ಮ ಕಡೆ ದೀಪಾವಳಿಗೆ ಕಿಲ್ಲಾ ಇಲ್ಲ, ಪಾಂಡವರಿದ್ದಾರೆ. ಸಗಣಿಯಲ್ಲಿ ಗೊಂಬೆ ಮಾಡಿ, ತಲೆಗೆ ಚೆಂಡು ಹೂ ಸಿಕ್ಕಿಸಿ, ಬಾಗಿಲಲ್ಲಿ ಕೂಡಿಸುತ್ತಾರೆ. ನಾನು ಸಣ್ಣವನಿದ್ದಾಗ ನಮ್ಮವ್ವ ಹೇಳುತ್ತಿದ್ದಳು, “ರಾತ್ರಿ ನೀವು ಮಕ್ಕೊಂಡ ಮ್ಯಾಲ ಅವರು ಎದ್ದು ಹೊಲಾ ಸುತ್ತಿ ಬರ್ತಾರ.” ಬೆಳಿಗ್ಗೆ ಓಡಿ ನೋಡಿದರೆ ನಿಜ. ಪೂರ್ವಕ್ಕೆ ಮುಖ ಮಾಡಿದ್ದ ಭೀಮ ಹಿತ್ತಿಲ ಕಡೆ ತಿರುಗಿರುತ್ತಿದ್ದ. ಮರುದಿನ ಅರ್ಜುನ ಒಂದು ಹೆಜ್ಜೆ ಮುಂದೆ. ರಾತ್ರಿಗೊಂದೇ ಫ್ರೇಮು. ನಡುವಿನದನ್ನೆಲ್ಲ, ಅವರು ಜೋಳದ ಹೊಲದ ಬದುವಿನ ಮೇಲೆ ನಡೆದದ್ದು, ಬಾವಿಯಲ್ಲಿ ಇಣುಕಿದ್ದು, ಹಾಸಿಗೆಯಲ್ಲಿ ಮಲಗಿದ ನಾನೇ ತುಂಬಿಕೊಳ್ಳುತ್ತಿದ್ದೆ. ಹತ್ತನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ಭೀಮನ ಬೆನ್ನಿನ ಮೇಲೆ ಹೆಬ್ಬೆರಳಿನ ಗುರುತು ಕಂಡೆ. ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಮುಂದೆಯೂ ಪ್ರತಿವರ್ಷ ಬೆಳಿಗ್ಗೆ ಓಡಿಹೋಗಿ ಆಶ್ಚರ್ಯಪಡುತ್ತಲೇ ಇದ್ದೆ.

ಮಗಳು ಹುಟ್ಟಿದ ಮೇಲೆ ಆ ಕೆಲಸ ನನ್ನ ಹೆಂಡತಿಗೆ ಬಂತು. ಆಕೆ ಹೋದ ವರ್ಷವೂ ಯಾರೋ ನೆರೆಯವರು ಪಾಂಡವರನ್ನು ಮಾಡಿ ಕೂಡಿಸಿ ಹೋದರು. ಬೆಳಿಗ್ಗೆ ಬಾಗಿಲು ತೆಗೆದರೆ ಐವರೂ ಹಿಂದಿನ ರಾತ್ರಿ ಕೂತಲ್ಲೇ ಕೂತಿದ್ದರು.

ಪ್ರದರ್ಶನದ ರಾತ್ರಿ ನಿದ್ದೆ ಬರಲಿಲ್ಲ. ಎರಡರ ಹೊತ್ತಿಗೆ ಮಫ್ಲರು ಸುತ್ತಿಕೊಂಡು ಪಾರ್ಕಿಂಗಿಗೆ ಇಳಿದೆ. ಕತ್ತಲೆ. ತಡವರಿಸುತ್ತ ಕೋಟೆಯ ಮೇಲೆ ಕೈಯಿಟ್ಟಾಗ ಹಿಂದಿನಿಂದ ವಾಚ್‌ಮನ್, “ಕ್ಯಾ ಹುವಾ ಬಾಬಾ?” ಎಂದ. ನನ್ನ ಹಿಂದಿ ಅಂಚೆ ಇಲಾಖೆಯದು, ಮನಿಯಾರ್ಡರ್ ಫಾರಮ್ಮಿನಾಚೆ ಹೋಗುವುದಿಲ್ಲ. “ಕುಛ್ ನಹೀ. ತಾನಾಜಿ ಕೋ ಘುಮಾನಾ ಹೈ,” ಎಂದೆ. ಅವನಿಗೆ ಏನು ಅರ್ಥವಾಯಿತೋ, ಪ್ರಶ್ನೆ ಕೇಳಲಿಲ್ಲ. ತನ್ನ ಟಾರ್ಚು ಹಚ್ಚಿ ಹಿಡಿದ. ಅವನ ಕೈ ಒಂದಿಷ್ಟೂ ಅಲುಗಲಿಲ್ಲ. ನಾನು ತಾನಾಜಿಯನ್ನು ಸೀರೆಯ ಸೆರಗಿನ ಕಡೆಗೆ ತಿರುಗಿಸಿ ಮೇಲೆ ಬಂದೆ.

ಬೆಳಿಗ್ಗೆ ಮೊಮ್ಮಕ್ಕಳು ಕೆಳಗಿನಿಂದ ಕೂಗಿದ ಸದ್ದಿಗೆ ಮೂರನೆಯ ಮಹಡಿಯ ನಾಯಿ ಬೊಗಳಿತು. ತಾನಾಜಿ ತಾನೇ ತಿರುಗಿದ್ದಾನೆ! ಮೊಮ್ಮಗ ಒಂಬತ್ತು ವರ್ಷದವನು, ನನ್ನನ್ನು ಓರೆಗಣ್ಣಿನಿಂದ ನೋಡಿದ. ಆದರೂ ತಂಗಿಗಿಂತ ಜೋರಾಗಿ ಆಶ್ಚರ್ಯಪಟ್ಟ.

ಮರುದಿನ ನಸುಕಿಗೇ ನನಗೆ ಊರಿನ ಬಸ್ಸು. ಆ ರಾತ್ರಿ ನಾನು ಇಳಿಯಲಿಲ್ಲ, ಮಂಡಿ ಹಿಡಿದಿತ್ತು. ಬ್ಯಾಗು ಕೆಳಗಿಟ್ಟು ಬರಲು ಹೋದಾಗ ಸುಮ್ಮನೆ ಆ ಮೂಲೆಗೆ ಕಣ್ಣು ಹೊರಳಿತು. ತಾನಾಜಿ ಸೆರಗಿನ ಕಡೆ ನೋಡುತ್ತಿರಲಿಲ್ಲ. ಎರಡು ಮೆಟ್ಟಿಲು ಇಳಿದು, ನನ್ನ ಬ್ಯಾಗಿನ ಕಡೆ ಮುಖ ಮಾಡಿ ನಿಂತಿದ್ದ. ಅವನ ಕಾಲ ಬಳಿ ಹಸಿ ಮಣ್ಣಿನಲ್ಲಿ ಒಂದು ಹೆಬ್ಬೆರಳಿನ ಗುರುತು. ಹುಡುಗನದಕ್ಕಿಂತ ದೊಡ್ಡದು, ವಾಚ್‌ಮನ್ನನದಕ್ಕಿಂತ ಸಣ್ಣದು.

ಮೇಲೆ ಬಂದರೆ ಮಗಳು ಚಹಾ ಸೋಸುತ್ತಿದ್ದಳು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು.

“ಸಕ್ಕರಿ ಸಾಕೇನಪ್ಪಾ?” ಎಂದಳು, ತಲೆ ಎತ್ತದೆ.

“ಸಾಕವಾ,” ಎಂದೆ.